ಒಂದೇ ಪೆಟ್ಟಿನ ಪ್ರಕರಣ: ಮೇಲ್ಮನವಿಯಲ್ಲಿ ನಾನು ವಾದಿಸಿದ್ದು

ಬದುವಿನ ಜಗಳ. ಗುದ್ದಲಿಯ ಕಾವಿನಿಂದ ಹಣೆಗೆ ಒಂದು ಪೆಟ್ಟು. ಗಾಯಾಳು ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸೆಷನ್ಸ್ ನ್ಯಾಯಾಲಯ ನನ್ನ ಕಕ್ಷಿದಾರನಿಗೆ ಭಾರತೀಯ ದಂಡ ಸಂಹಿತೆಯ 304ನೇ ಕಲಮಿನ ಎರಡನೇ ಭಾಗದಡಿ, ಅಂದರೆ ಕೊಲೆಯಲ್ಲದ ಮಾನವಹತ್ಯೆಗೆ, ಏಳು ವರ್ಷ ಶಿಕ್ಷೆ ವಿಧಿಸಿತು. (ಘಟನೆ 2024ರ ಜುಲೈ 1ರಂದು ಅಥವಾ ಆಮೇಲೆ ನಡೆದಿದ್ದರೆ, ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 105ನೇ ಕಲಂ ಬರುತ್ತಿತ್ತು.)

“ವಕೀಲ ಸಾಹೇಬರೇ, ಮೇಲಿನ ಕೋರ್ಟಿಗೆ ಹೋದರೆ ಶಿಕ್ಷೆ ಹೆಚ್ಚಾಗುವುದಿಲ್ಲವೇ?” ಎಂದು ಅವನ ಅಣ್ಣ ಕೇಳಿದರು. ಅಪರಾಧಿ ತಾನೇ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ಸರ್ಕಾರ ಬೇರೆಯಾಗಿ ಬಂದರೆ ಆ ಮಾತು ಬೇರೆ. ಉಚಿತವಾಗಿ ಸಿಗುವ ತೀರ್ಪಿನ ಪ್ರತಿ ಪಡೆದು, 60 ದಿನಗಳ ಗಡುವಿನೊಳಗೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಮೇಲ್ಮನವಿಯನ್ನೂ ಶಿಕ್ಷೆ ಅಮಾನತಿನ ಅರ್ಜಿಯನ್ನೂ ಸಲ್ಲಿಸಿದೆ. ದಂಡ ಕಟ್ಟಿದ ಮೇಲೆ ಜಾಮೀನು ಸಿಕ್ಕಿತು.

ವಾದಕ್ಕೆ ತಯಾರಾಗುವಾಗ ನಾನು ತೀರ್ಪನ್ನು ಬದಿಗಿಟ್ಟು ಸಾಕ್ಷ್ಯವನ್ನೇ ಮೊದಲು ಓದುತ್ತೇನೆ. ಸೆಷನ್ಸ್ ನ್ಯಾಯಾಲಯದಲ್ಲಿ ಆರೋಪಿಯ ಪರ ವಾದಿಸಿದ್ದ ವಕೀಲರು ಒತ್ತಿ ಹೇಳಿದ್ದು ಎರಡೇ: ಆರೋಪಿ ಸ್ಥಳದಲ್ಲೇ ಇರಲಿಲ್ಲ, ಚಿಕಿತ್ಸೆ ತಡವಾಯಿತು. ಮೊದಲನೆಯದನ್ನು ಮೂವರು ಪ್ರತ್ಯಕ್ಷ ಸಾಕ್ಷಿಗಳು ಮುಳುಗಿಸಿದ್ದರು. ಎರಡನೆಯದಕ್ಕೆ ಕಾನೂನೇ ಅಡ್ಡ: ಸರಿಯಾದ ಚಿಕಿತ್ಸೆಯಿಂದ ಬದುಕಬಹುದಿತ್ತು ಎಂದರೂ ಗಾಯಪಡಿಸಿದವನೇ ಸಾವಿಗೆ ಕಾರಣ ಎಂದು 299ನೇ ಕಲಮಿನ ವಿವರಣೆ ಹೇಳುತ್ತದೆ.

ಯಾರೂ ಗಮನಿಸದ ಸಂಗತಿ ವೈದ್ಯರ ಪಾಟೀಸವಾಲಿನಲ್ಲಿತ್ತು. ಪೆಟ್ಟು ಬಿದ್ದ ಹಣೆಯ ಮೂಳೆಯಲ್ಲಿದ್ದದ್ದು ಸಣ್ಣ ಬಿರುಕು. ಮಾರಕವಾದದ್ದು ಹಿಂದಲೆಯ ಗಾಯ. ಕಲ್ಲಿನ ಮೇಲೆ ಬಿದ್ದರೂ ಅದು ಆಗಬಹುದು ಎಂದು ಅವರು ಒಪ್ಪಿದ್ದರು. ಸ್ಥಳ ಮಹಜರಿನಲ್ಲಿ ಬದುವಿಗೆ ಕಲ್ಲು ಕಟ್ಟಿದ್ದು ದಾಖಲಾಗಿತ್ತು. ಈ ಎರಡು ಕಾಗದಗಳನ್ನು ಸೆಷನ್ಸ್ ತೀರ್ಪು ಎಲ್ಲಿಯೂ ಜೋಡಿಸಿ ನೋಡಿರಲಿಲ್ಲ. ಹೊಡೆಯುವ ಕ್ಷಣದಲ್ಲಿ ಸಾವು ಸಂಭವಿಸಬಹುದೆಂಬ ಅರಿವು ಇತ್ತೇ ಎಂಬುದೇ 304ರ ಎರಡನೇ ಭಾಗದ ಪ್ರಶ್ನೆ. ಹಣೆಗೆ ಸಣ್ಣ ಬಿರುಕು ಬೀಳುವಷ್ಟು ಹೊಡೆದವನಿಗೆ, ಆ ಮನುಷ್ಯ ಕಲ್ಲಿನ ಮೇಲೆ ಬಿದ್ದು ಸಾಯಬಹುದೆಂಬ ಅರಿವಿತ್ತು ಎನ್ನಲಾಗದು ಎಂದು ವಾದಿಸಲು ನನಗೆ ಅಷ್ಟು ಸಾಕಿತ್ತು.

ಹೊಡೆದದ್ದನ್ನು ಒಪ್ಪಿಕೊಂಡೇ ವಾದಿಸುತ್ತೇನೆ ಎಂದಾಗ ಮನೆಯವರಿಗೆ ಇಷ್ಟವಾಗಲಿಲ್ಲ. ಕಕ್ಷಿದಾರ ಮಾತ್ರ ತಲೆಯಾಡಿಸಿದ. ಈ ಒಂದೇ ಅಂಶಕ್ಕೆ ನಾನು ಅಂಟಿಕೊಂಡದ್ದೇಕೆಂದರೆ, ಹತ್ತು ಕಾರಣ ಪಟ್ಟಿ ಮಾಡಿದರೆ ನ್ಯಾಯಮೂರ್ತಿಗಳು ಅತಿ ದುರ್ಬಲವಾದದ್ದರಿಂದಲೇ ಪ್ರಶ್ನೆ ಶುರುಮಾಡುತ್ತಾರೆ, ಒಳ್ಳೆಯದಕ್ಕೆ ಬರುವಷ್ಟರಲ್ಲಿ ಸಮಯವೂ ತಾಳ್ಮೆಯೂ ತೀರಿರುತ್ತದೆ.

ಹೈಕೋರ್ಟಿನಲ್ಲಿ ಅಪರಾಧ 325ನೇ ಕಲಮಿಗೆ, ಅಂದರೆ ತೀವ್ರ ಗಾಯಕ್ಕೆ, ಇಳಿಯಿತು. ಶಿಕ್ಷೆ ಮೂರು ವರ್ಷವಾಯಿತು, ಮೃತರ ಪತ್ನಿಗೆ ಪರಿಹಾರ ಕೊಡುವಂತೆಯೂ ಆದೇಶವಾಯಿತು. ಈಗಾಗಲೇ ಜೈಲಿನಲ್ಲಿ ಕಳೆದದ್ದನ್ನು ಬಿಟ್ಟು ಉಳಿದ ಅವಧಿಗೆ ಅವನು ಶರಣಾದ. ಬಿಡುಗಡೆಯನ್ನೇ ನಿರೀಕ್ಷಿಸಿದ್ದ ಅಣ್ಣ ಆ ದಿನ ನನ್ನೊಡನೆ ಮಾತನಾಡಲಿಲ್ಲ.