ನಾನು ನೆರಳಿನಿಂದ ಶುರು ಮಾಡುತ್ತೇನೆ

ಬಿಸಿಲಿನ ಚಿತ್ರಕ್ಕೆ ಕೂತಾಗ ನಾನು ಮೊದಲು ಹಚ್ಚುವುದು ನೆರಳನ್ನು. ವಾಟರ್ ಕಲರ್‌ನಲ್ಲಿ ಬೆಳಕು ಅಂದರೆ ಹಾಳೆಯ ಬಿಳಿ, ಅದನ್ನು ಉಳಿಸಿಕೊಳ್ಳಬೇಕು ಅಷ್ಟೇ. ನೆರಳು ಸರಿಯಾಗಿ ಕೂತರೆ ಬಿಟ್ಟ ಜಾಗ ತಾನಾಗಿಯೇ ಬಿಸಿಲಾಗುತ್ತದೆ.

ಪೆನ್ಸಿಲ್ ಶೇಡಿಂಗ್‌ನಿಂದ ಶುರು ಮಾಡಿದ ಬಹಳ ಜನರಿಗೆ ನೆರಳು ಅಂದರೆ ಬೂದು ಬಣ್ಣ. ಧಾರವಾಡದ ಕೆಂಪು ಮಣ್ಣಿನಲ್ಲಿ ಹಾಗಿಲ್ಲ. ಪೇರಲ ಗಿಡದ ನೆರಳು ಸುಣ್ಣದ ಗೋಡೆ ಮೇಲೆ ಬಿದ್ದಾಗ ಹತ್ತಿರ ಹೋಗಿ ನೋಡಿ. ಮೇಲ್ಭಾಗದಲ್ಲಿ ಆಕಾಶದ ನೀಲಿ ಇರುತ್ತದೆ. ಕೆಳಗೆ ಬರುತ್ತಾ ಅದಕ್ಕೆ ನೆಲದ ಕೆಂಪು ಏರುತ್ತದೆ, ಏಕೆಂದರೆ ಸುತ್ತಲಿನ ಬಿಸಿಲು ಮಣ್ಣಿಗೆ ಬಡಿದು ಗೋಡೆಗೆ ಹಾರುತ್ತಿದೆ. ಇದಕ್ಕೆ ನನಗೆ ಎರಡೇ ಬಣ್ಣ ಸಾಕು: ಅಲ್ಟ್ರಾಮರೀನ್ ಎಂಬ ಗಾಢ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು. ನೆರಳಿನ ಆಕಾರವನ್ನಷ್ಟೇ ನೀರಿನಿಂದ ಒದ್ದೆ ಮಾಡಿ, ಮೇಲಿನಿಂದ ನೀಲಿ, ಕೆಳಗಿನಿಂದ ಸಿಯೆನ್ನಾ ಬಿಡುತ್ತೇನೆ. ನಡುವೆ ಅವೇ ಕೂಡಿಕೊಳ್ಳುತ್ತವೆ. ಅಲ್ಲಿ ಬ್ರಶ್ ಆಡಿಸಬಾರದು, ಆಡಿಸಿದರೆ ರಾಡಿಯಾಗುತ್ತದೆ. ನವಲಗುಂದ ಕಡೆಯ ಎರೆ ಹೊಲದಲ್ಲಿ ಕೂತರೆ ಲೆಕ್ಕವೇ ಬೇರೆ. ಕಪ್ಪು ಮಣ್ಣು ಬೆಳಕನ್ನು ನುಂಗುತ್ತದೆ, ನೆರಳಿನ ಬುಡ ಗಾಢವಾಗಿಯೇ ಉಳಿಯುತ್ತದೆ.

ಹಿತ್ತಲ ತೋಟದಲ್ಲಿ ನನಗೆ ಅತಿ ಇಷ್ಟದ್ದು ಬಾಳೆ ಎಲೆ. ಬಿಸಿಲು ಎಲೆಯ ಹಿಂದಿನಿಂದ ತೂರಿ ಬಂದರೆ ಅದು ಹಳದಿ ಹಸಿರು, ಒಳಗಿನಿಂದ ಹೊತ್ತಿಸಿದ ಹಾಗೆ. ಅದೇ ಎಲೆಯ ಬಾಗಿದ ಮೇಲ್ಮೈ ಆಕಾಶಕ್ಕೆ ಮುಖ ಮಾಡಿದಲ್ಲಿ ತಣ್ಣನೆಯ ನೀಲಿ ಬಿಳಿ ಹೊಳಪು. ಒಂದೇ ಎಲೆಗೆ ಒಂದೇ ಹಸಿರು ಬಳಿದರೆ ಅದು ಪ್ಲಾಸ್ಟಿಕ್ ಎಲೆ. ಟ್ಯೂಬಿನ ಹಸಿರನ್ನು ನಾನು ಹಾಗೇ ಬಳಸುವುದೇ ಇಲ್ಲ, ಹಳದಿಗೆ ನೀಲಿ ಸೇರಿಸಿ ಆಯಾ ಜಾಗಕ್ಕೆ ಬೇಕಾದದ್ದನ್ನು ಅಲ್ಲೇ ಮಾಡಿಕೊಳ್ಳುತ್ತೇನೆ.

ಬೆಳಕು ಓಡುತ್ತಲೇ ಇರುತ್ತದೆ, ಅಲ್ವಾ? ಫ್ರೆಂಚ್ ಚಿತ್ರಕಾರ ಮೋನೆ 1890–91ರಲ್ಲಿ ಬಣವೆಗಳ ಚಿತ್ರ ಬರೆಯುವಾಗ ಬೆಳಕು ಬದಲಾದ ಹಾಗೆ ಕ್ಯಾನ್ವಾಸನ್ನೂ ಬದಲಿಸುತ್ತಿದ್ದರು. ನಾನು ಚಿಕ್ಕ ಹಾಳೆಗಳಲ್ಲಿ ಅದನ್ನೇ ಮಾಡುತ್ತೇನೆ. ನೆರಳು ಸರಿದ ಮೇಲೆ ಆ ಹಾಳೆ ಬದಿಗೆ. ಮರುದಿನ ಅದೇ ಹೊತ್ತಿಗೆ ಮತ್ತೆ ಕೈಗೆ.

ಮನೆಯೊಳಗೆ ಸ್ಟಿಲ್ ಲೈಫ್, ಅಂದರೆ ಚಿತ್ರಕ್ಕೆಂದು ವಸ್ತುಗಳನ್ನು ಮೇಜಿನ ಮೇಲೆ ಜೋಡಿಸಿ ಇಡುವವರಿಗೆ ಒಂದು ಮಾತು ಹೇಳಲೇಬೇಕು. ಉತ್ತರದ ಕಿಟಕಿ ಹಿಡಿಯಿರಿ, ಅಲ್ಲಿ ನೇರ ಬಿಸಿಲು ಬರುವುದಿಲ್ಲ ಎಂದು ಬಹಳ ಪುಸ್ತಕಗಳು ಹೇಳುತ್ತವೆ. ಅದು ಯುರೋಪಿನ ಮಾತು. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಸೂರ್ಯ ಇಡೀ ದಿನ ನಮ್ಮ ಉತ್ತರಕ್ಕೇ ಇರುತ್ತಾನೆ. ಆಗ ಬಿಸಿಲು ಬೀಳುವುದು ಉತ್ತರದ ಕಿಟಕಿಗೇ, ತಣ್ಣಗೆ ಒಂದೇ ಸಮ ಇರುವುದು ದಕ್ಷಿಣದ ಕಿಟಕಿ. ಹಾಗಾಗಿ ಬೇಸಿಗೆ ಕೊನೆಗೆ ನನ್ನ ಮೇಜು ದಕ್ಷಿಣದ ಕೋಣೆಗೆ ಹೋಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ತನಕ ಮತ್ತೆ ಉತ್ತರಕ್ಕೆ. ನಡುವಿನ ವಾರಗಳಲ್ಲಿ ಕಿಟಕಿಗೆ ಬಿಳಿ ಧೋತರ ಕಟ್ಟುತ್ತೇನೆ. ಮಳೆಗಾಲದ ಮೋಡದ ಬೆಳಕಂತೂ ದಾಸವಾಳಕ್ಕೆ ಹೇಳಿ ಮಾಡಿಸಿದ್ದು. ಹಾಳೆ ಒಣಗಲು ಜಾಸ್ತಿ ಹೊತ್ತು ಬೇಕು, ಅದೊಂದೇ ತೊಂದರೆ.

ಮೇಜಿನ ಮೇಲೆ ಹೆಚ್ಚಾಗಿ ಇರುವುದು ಒಂದು ಹಿತ್ತಾಳೆ ತಂಬಿಗೆ, ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ. ತಂಬಿಗೆಗೆ ಬಂಗಾರದ ಬಣ್ಣ ಹಚ್ಚುವುದಿಲ್ಲ. ಹಿತ್ತಾಳೆಯ ಹೊಳಪು ಇರುವುದು ಗಾಢ ಕಂದಿನ ಪಕ್ಕದಲ್ಲೇ ತಟ್ಟನೆ ಬರುವ ತಿಳಿ ಹಳದಿಯಲ್ಲಿ, ಆ ಗೆರೆ ಚೂಪಾಗಿರಬೇಕು. ಪಕ್ಕದ ಮೆಣಸಿನಕಾಯಿ ಅದರ ಹೊಟ್ಟೆಯಲ್ಲಿ ಕೆಂಪಾಗಿ ಸೊಟ್ಟಗೆ ಕಾಣುತ್ತದೆ, ಅದನ್ನು ಬಿಡಬೇಡಿ. ಬ್ಯಾಡಗಿಯ ಸುಕ್ಕುಗಳಿಗೆ ಕಪ್ಪು ಬೇಡ. ಕಡುಗೆಂಪಿಗೆ ಸ್ವಲ್ಪ ಅಲ್ಟ್ರಾಮರೀನ್ ಸೇರಿಸಿ, ಸುಕ್ಕಿನ ಏಣುಗಳಲ್ಲಿ ಹಾಳೆಯ ಬಿಳಿ ಉಳಿಸಿ. ಕಡುಗೆಂಪಿಗೆ ಹಳೆಯ ಅಲಿಜರಿನ್ ಕ್ರಿಮ್ಸನ್ ಕೊಳ್ಳಬೇಡಿ, ಬೆಳಕಿಗೆ ಅದು ಮಾಸುತ್ತದೆ. ನಾನು ಬೇಗ ಮಾಸದ ಕ್ವಿನಾಕ್ರಿಡೋನ್ ಕೆಂಪು ಬಳಸುತ್ತೇನೆ. ಚಿತ್ರ ಕೊಂಡವರು ಅದನ್ನು ಎಷ್ಟೋ ಸಲ ಕಿಟಕಿಯ ಎದುರಿಗೇ ತೂಗುಹಾಕುತ್ತಾರೆ.