ದಿನಕ್ಕೆ ಎರಡೇ ಸಲ ಮೆಸೇಜ್ ನೋಡ್ತೀನಿ, ಆದ್ರೂ ಕಂಪ್ಲೇಂಟ್ ಕಮ್ಮಿ ಆಗಿದೆ (ನನ್ನ ಅನುಭವ)

ಮೂರು ವರ್ಷದಿಂದ ಮಂಡ್ಯದಲ್ಲಿ ಮನೆಯಿಂದ್ಲೇ ಆನ್‌ಲೈನ್‌ನಲ್ಲಿ ಬೆಲ್ಲ ಮಾರ್ತಾ ಇದೀನಿ. ಪ್ಯಾಕಿಂಗು, ಲೆಕ್ಕ, ಪೋಸ್ಟ್ ಆಫೀಸು, ಫೋನು ಎಲ್ಲಾ ನಾನೊಬ್ಳೇ. ಹೋದ ವರ್ಷ ಯುಗಾದಿ ಹೊತ್ತಿಗೆ, ಇನ್ಮೇಲೆ ದಿನಕ್ಕೆ ಎರಡೇ ಸಲ ಮೆಸೇಜ್ ನೋಡ್ತೀನಿ, ಒಂದು ಕೇಜಿವರೆಗೆ ಕಂಪ್ಲೇಂಟ್ ಬಂದ್ರೆ ಮಾಲು ವಾಪಸ್ ಕೇಳ್ದೇ ದುಡ್ಡು ಹಾಕ್ಬಿಡ್ತೀನಿ ಅಂದೆ. ನನ್ ತರಾನೇ ಮನೆಯಿಂದ ಮಾರೋ ಗೆಳತೀರೆಲ್ಲ ಹೇಳಿದ್ದು ಒಂದೇ ಮಾತು, "ಮೂರು ತಿಂಗ್ಳಲ್ಲಿ ಬಾಗ್ಲು ಹಾಕ್ತೀಯ ಕಣೆ". ಈಗ ಒಂದೂವರೆ ವರ್ಷ ಆಗಿದೆ, ಅವರಲ್ಲೇ ಇಬ್ರು ನನ್ನ ಮೆಸೇಜ್ ಇಸ್ಕೊಂಡು ಹಂಗಂಗೇ ಹಾಕ್ಕೊಂಡವ್ರೆ. ಅದಕ್ಕೇ ಬರೀತಿದೀನಿ.

ನನ್ನ ಕಷ್ಟ ಶುರುವಾಗಿದ್ದೇ ಬಣ್ಣದಿಂದ. ಪಾಂಡವಪುರದ ಕಡೆ ನಮ್ಮ ದೊಡ್ಡಪ್ಪನ ಆಲೆಮನೆ ಇದೆ, ಅಲ್ಲಿಂದಾನೇ ಮಾಲು. ಬೆಲ್ಲಕ್ಕೆ ಹಳದಿ ಬಣ್ಣ ಬರ್ಸೋ ಹೈಡ್ರೋಸ್ ಅನ್ನೋ ಕೆಮಿಕಲ್ ಪುಡಿ ಹಾಕಲ್ಲ, ಒಂಚೂರು ಸುಣ್ಣ, ಮಡ್ಡಿ ತೆಗೆಯೋಕೆ ಬೆಂಡೆ ಗಿಡದ ಲೋಳೆ, ಅಷ್ಟೇ. ಹಂಗಾಗಿ ಬೆಲ್ಲ ಕಂದು, ಒಂದೊಂದ್ ಸಲ ಕಪ್ಪಿಗೇ ತಿರುಗಿರುತ್ತೆ. ಜೀವಮಾನ ಎಲ್ಲಾ ಹಳದಿ ಬೆಲ್ಲ ನೋಡಿರೋರು ಪಾರ್ಸೆಲ್ ಬಿಚ್ಚಿದ ತಕ್ಷಣ "ಹಳೇ ಮಾಲು ಕಳ್ಸಿದೀರ ಮೇಡಂ" ಅಂತಾರೆ. ಮೊದಲನೇ ವರ್ಷ 100 ಆರ್ಡರ್‌ಗೆ 14-15 ಕಂಪ್ಲೇಂಟ್ ಇರ್ತಿತ್ತು, ಅದ್ರಲ್ಲಿ ಮುಕ್ಕಾಲು ಪಾಲು ಬಣ್ಣದ್ದೇ. ಮಿಕ್ಕಿದ್ದು ಪುಡಿ ಆಗಿದೆ, ಹಾಲು ಒಡೀತು, ಮಳೆಗಾಲದಲ್ಲಿ ನೀರು ಬಿಟ್ಟಿದೆ ಅಂತ.

ಮೊದ್ಲು ಏನೇನು ಮಾಡಿ ಸೋತೆ ಅಂತ ಹೇಳ್ತೀನಿ. ಫೋಟೋ ಕೆಳಗೆ ಉದ್ದಕ್ಕೆ ವಿವರಣೆ ಬರ್ದೆ, ಒಬ್ರೂ ಓದಲಿಲ್ಲ. ಆಮೇಲೆ ತಕ್ಷಣ ರಿಪ್ಲೈ ಮಾಡಿದ್ರೆ ಸರಿಹೋಗುತ್ತೆ ಅಂತ ಬೆಳಗ್ಗೆ 6ರಿಂದ ರಾತ್ರಿ 11ರ ತನಕ ಫೋನ್ ಕೈಯಲ್ಲೇ ಇಟ್ಕೊಂಡೆ. ಒಂದಿನ ರಾತ್ರಿ ಹತ್ತೂಮುಕ್ಕಾಲಿಗೆ ಬೆಂಗ್ಳೂರಿಂದ ಒಬ್ರು ಬೆಲ್ಲ ಸುಟ್ಟೋಗಿದೆ ಅಂತ ಹಾಕಿದ್ರು, ಅವತ್ತು ಅಮ್ಮನಿಗೆ ಜ್ವರ, ನಂಗೂ ಸಾಕಾಗಿತ್ತು, "ನಿಮಗೆ ಒಳ್ಳೆ ಬೆಲ್ಲ ಅಂದ್ರೆ ಏನು ಅಂತಾನೇ ಗೊತ್ತಿಲ್ಲ" ಅಂತ ಟೈಪ್ ಮಾಡ್ಬಿಟ್ಟೆ. ಅವ್ರು ಸ್ಕ್ರೀನ್‌ಶಾಟ್ ಸಮೇತ ಒಂದು ಸ್ಟಾರ್ ಕೊಟ್ರು. ವಾರಕ್ಕೆ 20 ಬರ್ತಿದ್ದ ಆರ್ಡರ್ 6ಕ್ಕೆ ಇಳೀತು, ಮೇಲೆ ಬರೋಕೆ ಎರಡು ತಿಂಗ್ಳು ಹಿಡೀತು. ತಿಂಗಳಿಗೆ ಸಾವಿರ ರೂಪಾಯಿ ಕೊಟ್ಟು ತಾನೇ ರಿಪ್ಲೈ ಮಾಡೋ ಬಾಟ್ ಒಂದು ಹಾಕಿಸ್ದೆ, "ಡಬ್ಬಿ ಒಳಗೆ ಇರುವೆ ಇದೆ" ಅಂದೋರಿಗೆ "ಧನ್ಯವಾದಗಳು, ನಿಮ್ಮ ಆರ್ಡರ್ ದಾರಿಯಲ್ಲಿದೆ" ಅಂತು, ಎರಡೇ ತಿಂಗ್ಳಿಗೆ ತೆಗೆಸ್ದೆ. ಚಿಕ್ಕಮ್ಮನ ಮಗಳನ್ನ 4,000ಕ್ಕೆ ಒಂದು ತಿಂಗ್ಳು ಇಟ್ಕೊಂಡೆ. ಪಾಪ ಒಳ್ಳೆ ಹುಡ್ಗಿ, ಆದ್ರೆ ಕೇಳಿದೋರಿಗೆಲ್ಲ ಶಿಪ್ಪಿಂಗ್ ಫ್ರೀ ಅಂದ್ಬಿಡೋಳು.

ಕೊನೆಗೆ ಕೈ ಹಿಡಿದಿದ್ದು ಹುಣಸೆಹಣ್ಣು. ನಿಜವಾಗ್ಲೂ. ಪ್ಯಾಕ್ ಮಾಡೋಕೆ ಮುಂಚೆ ಅವರಿಗೆ ಹೋಗೋ ಅಚ್ಚನ್ನೇ ಒಡ್ದು, ಸ್ಟೀಲ್ ತಟ್ಟೆಲಿಟ್ಟು, ಪಕ್ಕದಲ್ಲಿ ಒಂದು ನಿಂಬೆ ಗಾತ್ರ ಹುಣಸೆಹಣ್ಣು ಇಟ್ಟು, ಬೆಳಗ್ಗೆ 9ರ ಹೊತ್ತಿಗೆ ಪೂರ್ವದ ಕಿಟಕಿ ಹತ್ರ ಫೋಟೋ ತೆಗೀತೀನಿ. ಟ್ಯೂಬ್‌ಲೈಟ್ ಬೆಳಕಲ್ಲಿ ತೆಗೆದ್ರೆ ಬೆಲ್ಲ ಬೂದಿ ಬಣ್ಣಕ್ಕೆ ಕಾಣುತ್ತೆ, ಆಗಲ್ಲ. ಮೊದ್ಲು ಅಂಗಡಿ ಹಳದಿ ಬೆಲ್ಲ ಪಕ್ಕಕ್ಕಿಟ್ಟು ತೆಗ್ದಿದ್ದೆ, ಬೇರೆಯವರ ಮಾಲು ಯಾಕೆ ಹಳೀತೀರ ಅಂತ ಅದಕ್ಕೂ ಜಗಳ. ಹುಣಸೆಹಣ್ಣು ಎಲ್ಲರ ಮನೇಲೂ ಇರುತ್ತೆ, ಅದು ನೋಡಿದ್ರೆ ಬೆಲ್ಲ ಎಷ್ಟು ಕಪ್ಪು ಅಂತ ಅವರಿಗೇ ಅಂದಾಜು ಸಿಗುತ್ತೆ. ಫೋಟೋ ಕೆಳಗೆ ಹಿಂಗೆ ಹಾಕ್ತೀನಿ: "ಇದೇ ನಿಮ್ಮ ಬೆಲ್ಲ, ಬಣ್ಣ ಇದೇ. ಬೇಡ ಅನ್ಸಿದ್ರೆ 3 ಗಂಟೆ ಒಳಗೆ ಹೇಳಿ, ಪೂರ್ತಿ ದುಡ್ಡು ವಾಪಸ್." 100ಕ್ಕೆ ಮೂರು ಜನ ಬೇಡ ಅಂತಾರೆ. ಅನ್ಲಿ, ಮನೇಲೇ ಕ್ಯಾನ್ಸಲ್ ಆದ್ರೆ ನಂಗೆ ನಯಾಪೈಸೆ ಖರ್ಚಿಲ್ಲ, ಅದೇ ಪಾರ್ಸೆಲ್ ಹೋಗಿ ಬಂದ್ರೆ 140 ರೂಪಾಯಿ ಹತ್ರ ಹೋಗುತ್ತೆ. ಕ್ಯಾಶ್ ಆನ್ ಡೆಲಿವರಿನೂ ಆವಾಗ್ಲೇ ನಿಲ್ಲಿಸ್ದೆ, ಒಂದು ತಿಂಗ್ಳಂತೂ 60ರಲ್ಲಿ 11 ವಾಪಸ್ ಬಂದಿದ್ವು.

ಟೈಮಿನ ವಿಷ್ಯ. ಬೆಳಗ್ಗೆ 10ರಿಂದ 11, ಸಂಜೆ 7ರಿಂದ 8. ವಾಟ್ಸಾಪ್ ಬಿಸಿನೆಸ್‌ನಲ್ಲಿ ನಾನು ನೋಡದ ಹೊತ್ತಲ್ಲಿ ತಾನೇ ಹೋಗೋ ಮೆಸೇಜ್ ಹಾಕಿದೀನಿ, "ಬೇಗ ಉತ್ತರಿಸ್ತೀವಿ" ಅಂತ ಅಲ್ಲ, "ಸಂಜೆ 7ಕ್ಕೆ ನಾನೇ ಖುದ್ದಾಗಿ ಉತ್ತರ ಕೊಡ್ತೀನಿ" ಅಂತ. ಗಂಟೆ ಹೇಳಿದ್ರೆ ಜನ ಕಾಯ್ತಾರೆ. ಪಾರ್ಸೆಲ್ ಎಲ್ಲಿ ಅಂತ ಮಧ್ಯಾಹ್ನ ಕೇಳಿದೋರಲ್ಲಿ ಅರ್ಧ ಜನಕ್ಕೆ ನಾನು ನೋಡೋ ಹೊತ್ತಿಗೆ ಪಾರ್ಸೆಲ್ ಸಿಕ್ಕಿರುತ್ತೆ. ಸ್ಪೀಡ್ ಪೋಸ್ಟ್ ನಂಬರ್, ಎಫ್‌ಎಸ್‌ಎಸ್‌ಎಐ (ಆಹಾರ ಮಾರೋರ ಸರ್ಕಾರಿ ಲೈಸೆನ್ಸ್) ನಂಬರ್, ಕಬ್ಬಿನ ತಳಿ ಯಾವುದು (ಕೋ 62175) ಇವೆಲ್ಲಾ ಮೊದ್ಲೇ ಬರ್ದಿಟ್ಟ ಕ್ವಿಕ್ ರಿಪ್ಲೈನಲ್ಲಿ ಇವೆ. ಸಿಟ್ಟಲ್ಲಿ ಇರೋರಿಗೆ ಮಾತ್ರ ಟೈಪ್ ಮಾಡಲ್ಲ, ಹೆಸರು ಹಿಡ್ದು 20 ಸೆಕೆಂಡಿನ ವಾಯ್ಸ್ ನೋಟ್. ಅದ್ರಲ್ಲಿ ಮೊದಲನೇ ವಾಕ್ಯ ಏನು ಹೇಳ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ, ಹತ್ತಕ್ಕೆ ಎಂಟು ಜನ ಅಲ್ಲೇ ತಣ್ಣಗಾಗ್ತಾರೆ.

ದುಡ್ಡು ವಾಪಸ್ ಕೊಡೋದೇ ಎಲ್ರಿಗೂ ಭಯ. ಲೆಕ್ಕ ನೋಡಿ. ಕೇಜಿ 130ಕ್ಕೆ ಮಾರ್ತೀನಿ, ಡಬ್ಬಿ ಸೇರಿ ನಂಗೆ 80 ಬೀಳುತ್ತೆ. ಮಾಲು ತರಿಸ್ಕೊಂಡ್ರೆ ಇನ್ನೊಂದು 70 ಪೋಸ್ಟ್ ಖರ್ಚು, ಬಂದ ಬೆಲ್ಲನ ಮತ್ತೆ ಮಾರೋ ಹಂಗೂ ಇಲ್ಲ. ಯುಗಾದಿಯಿಂದ ಈಚೆಗೆ 1,100 ಆರ್ಡರ್ ಆಗಿರ್ಬೋದು, ದುಡ್ಡು ವಾಪಸ್ ಹಾಕಿದ್ದು 40 ಜನಕ್ಕೆ, ಒಟ್ಟು 5,000 ಚಿಲ್ಲರೆ. ಅದ್ರಲ್ಲಿ ಸುಳ್ಳು ಅನ್ಸಿದ್ದು ನಾಕೋ ಐದೋ. ಒಬ್ರು ಹೋದ ಸಲದ ಫೋಟೋನೇ ಮತ್ತೆ ಕಳಿಸಿದ್ರು, ತಟ್ಟೆ ಅಂಚಿನ ಸೊಟ್ಟ ನೋಡಿ ಗುರ್ತು ಹಿಡ್ದೆ, ವಾಟ್ಸಾಪಲ್ಲಿ ಅವರ ಹೆಸರಿಗೆ ಗುರುತಿಗೆ ಕೆಂಪು ಲೇಬಲ್ ಹಾಕಿಟ್ಟೆ. ಮಿಕ್ಕಿದೋರಲ್ಲಿ ಹತ್ತತ್ರ ಅರ್ಧ ಜನ ತಿರ್ಗಾ ಆರ್ಡರ್ ಮಾಡಿದಾರೆ, ಒಬ್ರಂತೂ ಗೃಹಪ್ರವೇಶಕ್ಕೆ ಒಂದೇ ಸಲ 35 ಕೇಜಿ ತಗೊಂಡ್ರು.

ಮಧ್ಯೆ ಜೋನಿ ಬೆಲ್ಲ ಬಾಟ್ಲಿಗೆ ತುಂಬಿ ಕಳ್ಸಿ ನೋಡ್ದೆ. 12ರಲ್ಲಿ 5 ಹುಳಿ ಬಂದು ಉಬ್ಬಿ ಮುಚ್ಚಳ ಬಿಟ್ಕೊಂಡ್ವು, ಬೇರೆಯವರ ಪಾರ್ಸೆಲ್‌ಗೂ ಅಂಟಾಯ್ತು. ಬೇಸಿಗೆ ಮಳೆಗಾಲ ಎರಡರಲ್ಲೂ ಈಗ ಅದನ್ನ ಮುಟ್ಟಲ್ಲ. ಎಳ್ಳುಬೆಲ್ಲ ಮಾಡೋ ವಿಧಾನ ಚೀಟಿಲಿ ಬರ್ದಿಟ್ಟೆ, ಯಾರೂ ಕ್ಯಾರೇ ಅನ್ನಲಿಲ್ಲ. ಆದ್ರೆ ಇನ್ನೊಂದು ಚೀಟಿ ಚಿನ್ನದಂಥ ಕೆಲಸ ಮಾಡ್ತು: "ಕುದಿಯೋ ಹಾಲಿಗೆ ಬೆಲ್ಲ ಹಾಕ್ಬೇಡಿ, ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಿ." ಹಾಲು ಒಡೀತು, ಬೆಲ್ಲ ಕೆಟ್ಟಿದೆ ಅಂತ ತಿಂಗಳಿಗೆ ಮೂರ್ನಾಕು ಬರ್ತಿತ್ತು, ಈಗ ಒಂದೂ ಇಲ್ಲ ಅನ್ನೋ ಹಂಗೆ ಆಗಿದೆ. ಮಳೆಗಾಲದಲ್ಲಿ ನೀರು ಬಿಡೋದಕ್ಕೆ ಒಳಗಿನ ಸುತ್ತು ಬದ್ಲಾಯಿಸಿದೀನಿ. ಏನು ಸುತ್ತುತೀನಿ ಅಂತ ಮಾತ್ರ ಕೇಳ್ಬೇಡಿ, ಅದು ಕಂಡ್ಕೊಳೋಕೆ ನಂಗೆ ಎರಡು ಮಳೆಗಾಲ ಮತ್ತೆ 30 ಕೇಜಿ ಬೆಲ್ಲ ಹೋಯ್ತು.

ಈ ಸಲ ಸಂಕ್ರಾಂತಿಗೆ ಹತ್ತು ದಿನಕ್ಕೆ 180 ಆರ್ಡರ್ ಹೋದ್ವು. ಕಂಪ್ಲೇಂಟ್ ಎರಡು, ಒಂದು ಡಬ್ಬಿ ಜಜ್ಜಿಹೋಗಿತ್ತು, ಇನ್ನೊಂದು ವಿಳಾಸದಲ್ಲಿ ಅಡ್ಡರಸ್ತೆ ನಂಬರ್ ತಪ್ಪಿತ್ತು. ಬಣ್ಣದ್ದು ಒಂದೂ ಬರಲಿಲ್ಲ. ಇತ್ತೀಚೆಗೆ ಪುಣೆಯಿಂದ ಆರ್ಡರ್ ಶುರುವಾಗಿದೆ, ಅವರಿಗೆ ಹಿಂದಿಲಿ ವಾಯ್ಸ್ ನೋಟ್ ಮಾಡ್ತಿದೀನಿ, ನನ್ನ ಹಿಂದಿಗೆ ಆ ಮೊದಲನೇ ವಾಕ್ಯ ಇನ್ನೂ ಸರಿಯಾಗಿ ಕೂತಿಲ್ಲ.