ವಿಜಯಪುರದ ಬಿಸಿಲು ಬಿಟ್ಟು ಇಂಗ್ಲೆಂಡಿಗೆ ಹೊರಟವರಿಗೆ

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯಿಂದ ಇಂಗ್ಲೆಂಡಿಗೆ ಹೊರಟವರು ಫೋನ್ ಮಾಡಿ ಕೇಳುವುದು ಎರಡೇ. ಚಳಿ ಎಷ್ಟಿರ್ತದೆ? ಜೋಳದ ಹಿಟ್ಟು ಸಿಗ್ತದಾ? ಬಿಸಿಲಿನ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಬೇವಿನ ನೆರಳು ಹುಡುಕಿದವರು ನಾವು. ಬಿಸಿಲು ಸಾಲದೆ ಬರ್ತದೆ ಅಂತ ಯಾರಿಗೆ ಹೊಳೀತದೆ?



ಮಗಳು ಹುಟ್ಟಿದ್ದು ಮ್ಯಾಂಚೆಸ್ಟರಿನಲ್ಲಿ, ನವೆಂಬರಿನಲ್ಲಿ. ಅವ್ವ ಹೇಳಿದಂತೆ ದಿನಾ ಕೂಸಿಗೆ ಎಣ್ಣೆ ಹಚ್ಚಿ, ಕಿಟಕಿ ಪಕ್ಕ ತೊಡೆ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದೆ. ಗಾಜಿನಿಂದ ತೆಳ್ಳಗೆ ಬಿಸಿಲು ಬೀಳುತ್ತಿತ್ತು. ಕೂಸಿನ ಹೊಟ್ಟೆ ಬೆಚ್ಚಗಾಗುತ್ತಿತ್ತು. ಅಷ್ಟು ಸಾಕು ಅಂದುಕೊಂಡೆ. ಮನೆಗೆ ಬಂದ ನರ್ಸ್ ಹೇಳಿದ ಮೇಲೆ ಗೊತ್ತಾಯಿತು, ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಬಿಸಿಲಿನ ಯುವಿಬಿ ಕಿರಣ ಗಾಜು ದಾಟುವುದೇ ಇಲ್ಲ. ಅಲ್ಲಿ ಅಕ್ಟೋಬರಿನಿಂದ ಮಾರ್ಚ್ ಶುರುವಿನ ತನಕ ಹೊರಗೆ ನಿಂತರೂ ಸಾಲದು. ಸೂರ್ಯ ಅಷ್ಟು ಕೆಳಗಿರ್ತಾನೆ. ಆ ಚಳಿಗಾಲ ಮೆಟ್ಟಿಲು ಹತ್ತುವಾಗ ನನ್ನ ತೊಡೆ ನೋಯುತ್ತಿತ್ತು. ಬಾಣಂತನದ ಸುಸ್ತು ಅಂತ ತಿಂಗಳುಗಟ್ಟಲೆ ಸುಮ್ನಿದ್ದೆ. ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ ತೀರಾ ಕಡಿಮೆ. ನನ್ನ ಹಾಲನ್ನೇ ನಂಬಿದ ಕೂಸು ಅದು. ಈಗಲೂ ನೆನೆದರೆ ಸಂಕಟ ಆಗ್ತದೆ.

ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಚಳಿಗಾಲದಲ್ಲಿ ಎಲ್ಲರಿಗೂ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಹೇಳುತ್ತದೆ. ನಮ್ಮ ಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು. ಎದೆಹಾಲು ಕುಡಿಯುವ ಕೂಸಿಗೆ ಹುಟ್ಟಿದಾಗಿನಿಂದಲೇ ಡ್ರಾಪ್ಸ್ ಬೇಕು. ಊರಿನ ಔಷಧದ ಮೇಲೆ ಐಯು ಅನ್ನುವ ಬೇರೆ ಅಳತೆ ಬರೆದಿರ್ತದೆ. 10 ಮೈಕ್ರೋಗ್ರಾಂ ಅಂದರೆ 400 ಐಯು. ನೀವು ಸೂಟ್‌ಕೇಸಿನಲ್ಲಿ ಒಯ್ಯುವ ವಾರಕ್ಕೊಂದರ ಗುಳಿಗೆ 60,000 ಐಯು! ಡಾಕ್ಟರ್ ಹೇಳದೆ ನುಂಗಬೇಡಿ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ಇನ್ನೊಂದು ತಪ್ಪು ಬೇಸಿಗೆಯದು. ಕೊರತೆ ತುಂಬಲಿ ಅಂತ ಜೂನಿನಲ್ಲಿ ಮಗಳನ್ನು ಇಡೀ ದಿನ ಸಮುದ್ರದ ದಂಡೆಯಲ್ಲಿ ಆಡಲು ಬಿಟ್ಟೆ. ತಂಪು ಗಾಳಿ, ಅರ್ಧ ಮೋಡ. ನಮ್ಮ ಚರ್ಮಕ್ಕೆ ಏನಾಗ್ತದೆ ಅನ್ನುವ ಧೈರ್ಯ. ಮೂರನೇ ದಿನಕ್ಕೆ ಅವಳ ಹೆಗಲು ಉಳ್ಳಾಗಡ್ಡಿ ಸಿಪ್ಪೆಯಂತೆ ಸುಲಿಯಿತು. ಫ್ರಾಕಿನ ಪಟ್ಟಿ ತಾಗಿದರೂ ಅಳುತ್ತಿದ್ದಳು. ಕಪ್ಪು ಚರ್ಮಕ್ಕೆ ವಿಟಮಿನ್ ಡಿ ಮಾಡಲು ಹೆಚ್ಚು ಹೊತ್ತು ಬೇಕು, ನಿಜ. ಆದರೆ ಅದೂ ಸುಡುತ್ತದೆ. ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬಿಡಿ, ಚುರ್ ಅನ್ನುವ ಮೊದಲೇ ನೆರಳಿಗೆ ಬನ್ನಿ. 11ರಿಂದ 3 ಗಂಟೆ ತನಕ ಜೋಪಾನ. ಹೆಚ್ಚು ಹೊತ್ತು ಇರುವುದಾದರೆ ಟೊಪ್ಪಿಗೆ, ಬಿಸಿಲು ತಡೆಯುವ ಎಸ್‌ಪಿಎಫ್ 30ರ ಕ್ರೀಮು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಮಗಳಿಗೆ ಒಂದು ಗುರುತು ಕಲಿಸಿದ್ದೇನೆ: ನಿನ್ನ ನೆರಳು ನಿನಗಿಂತ ಗಿಡ್ಡ ಆಯಿತಾ, ಬಿಸಿಲು ಗಟ್ಟಿ.

ಅಲ್ಲಿ ಬಿಸಿಲು ಬಿದ್ದರೆ ಪಾರ್ಕ್ ತುಂಬ ಜನ ಹುಲ್ಲಿನ ಮೇಲೆ ಅಡ್ಡಾಗ್ತಾರೆ. ಮಗಳಿಗೂ ಬಿಸಿಲೆಂದರೆ ಹಬ್ಬ. ಕಟ್ಟೆಯ ನೆರಳಿನಲ್ಲಿ ಮಧ್ಯಾಹ್ನ ಕಳೆಯುವ ಸುಖ ಅವಳಿಗೆ ಗೊತ್ತಿಲ್ಲ. ಅದನ್ನು ನಾನು ಯಾವ ಡ್ರಾಪ್ಸಿನಲ್ಲಿ ಕೊಡಲಿ?

ಏಪ್ರಿಲ್ ರಜೆಗೆ ಊರಿಗೆ ಬಂದಿದ್ದೇವೆ. ಮಾಳಿಗೆ ಮೇಲೆ ಶಾವಿಗೆ ಒಣಗುತ್ತಿದೆ. ಮಧ್ಯಾಹ್ನ ಮಗಳು ಅಲ್ಲಿ ನಿಂತು ತನ್ನ ನೆರಳು ಹುಡುಕಿದಳು. ಕಾಲಡಿಯಲ್ಲಿ ಅಂಗೈಯಷ್ಟಿತ್ತು. "ಆಯಿ, ನೆರಳೇ ಇಲ್ಲ!" ಅಂತ ಕೂಗಿದಳು. ಅವ್ವ ಕೆಳಗಿನಿಂದ, "ಒಳಗ ಬಾರವ್ವ, ತಲಿ ಸುಡತೈತಿ," ಅಂದಳು.